ಕೆಂಪು, ಹಳದಿ, ನೀಲಿ: ನಮ್ಮ ಚೆನ್ನಿಗೆ ಯಾವ ಚೆಂಡು ಕಾಣುತ್ತೆ?

ಚೆನ್ನಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಯಿ. ಎರಡು ವರ್ಷದ ಹಿಂದೆ ಮಳೆಯಲ್ಲಿ ನೆನೆಯುತ್ತಾ ಗೇಟಿನ ಹತ್ತಿರ ನಿಂತಿದ್ದಳು, ಅವತ್ತಿನಿಂದ ನಮ್ಮವಳು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ. ಮಳೆಗಾಲದಲ್ಲಿ ಅಲ್ಲಿ ಗೇಣುದ್ದ ಹುಲ್ಲು. ಅಲ್ಲೇ ನಮ್ಮ ಆಟ.

ಮೊದಲು ತಂದದ್ದು ಕೆಂಪು ರಬ್ಬರ್ ಚೆಂಡು. ಹಸಿರು ಹುಲ್ಲಿನಲ್ಲಿ ನನಗೆ ಅದು ದೂರದಿಂದಲೇ ಕಾಣುತ್ತೆ. ಚೆನ್ನಿ ಮಾತ್ರ ಅದನ್ನು ದಾಟಿ ಮುಂದೆ ಓಡುತ್ತಿದ್ದಳು. ಆಮೇಲೆ ನಿಂತು, ಮೂಗು ನೆಲಕ್ಕೆ ಹಚ್ಚಿ, ಸುತ್ತು ಹಾಕಿ ಹಾಕಿ ಹುಡುಕುತ್ತಿದ್ದಳು. ‘ಅಲ್ಲೇ ಐತಲ್ಲೇ!’ ಎಂದು ಎಷ್ಟು ಸಲ ಗದರಿದ್ದೇನೋ. ಈಗ ನೆನೆದರೆ ಬೇಜಾರಾಗುತ್ತೆ.

ಎದುರು ಮನೆ ಅಜ್ಜ ಒಂದಿನ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ‘ನಾಯಿಗೆ ಎಲ್ಲಿ ಬಣ್ಣ ಕಾಣ್ತಾವವ್ವಾ? ಅದಕ್ಕೆಲ್ಲ ಕರೇದು, ಬಿಳೇದು ಅಷ್ಟೇ’ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಓದಿ ನೋಡಿದರೆ ಹಾಗಲ್ಲ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೈಟ್ಸ್, ಗೈಸ್ಟ್, ಜೇಕಬ್ಸ್ ಎಂಬ ಮೂವರು ವಿಜ್ಞಾನಿಗಳು ನಾಯಿಗಳನ್ನೇ ಕೇಳಿ ತಿಳಿದುಕೊಂಡರು. ಬೆಳಕು ಬೀಳುವ ಮೂರು ಫಲಕ ಇಟ್ಟು, ಉಳಿದೆರಡಕ್ಕಿಂತ ಬೇರೆ ಬಣ್ಣದ್ದನ್ನು ಮೂತಿಯಿಂದ ಮುಟ್ಟಿದರೆ ತಿಂಡಿ ಕೊಡುತ್ತಿದ್ದರು. ನಾಯಿಗೆ ಬಣ್ಣ ಕಾಣುತ್ತೆ ಅನ್ನೋದು ಅಲ್ಲಿ ಗೊತ್ತಾಯಿತು. ಆದರೆ ನಮ್ಮಷ್ಟಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳು ಮೂರು ಬಗೆ, ನಾಯಿಗೆ ಎರಡೇ. ಒಂದು 429 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಸುತ್ತಮುತ್ತಲಿನ ನೀಲಿ-ನೇರಳೆ ಬೆಳಕಿಗೆ, ಇನ್ನೊಂದು 555ರ ಸುತ್ತಮುತ್ತಲಿನ ಹಳದಿ-ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಹಾಗಾಗಿ ನೀಲಿ, ಹಳದಿ ಎರಡನ್ನೂ ನಾಯಿ ಚೆನ್ನಾಗಿ ಬೇರೆ ಮಾಡುತ್ತೆ. ಕೆಂಪು, ಕಿತ್ತಳೆ, ಹಸಿರು ಮೂರೂ ಅದಕ್ಕೆ ಹಳದಿ, ಕಂದು ಬಣ್ಣದ ಬೇರೆ ಬೇರೆ ಛಾಯೆಗಳು. ಅಂದರೆ ನಾನು ಇಷ್ಟು ದಿನ ಚೆನ್ನಿಗೆ ಮಂಕು ಹಳದಿ ಹುಲ್ಲಿನಲ್ಲಿ ಮಂಕು ಕಂದು ಚೆಂಡು ಎಸೆಯುತ್ತಿದ್ದೆ.

ಅದಕ್ಕೇ ಅಶೋಕ ರಸ್ತೆಯಿಂದ ಇನ್ನೆರಡು ಚೆಂಡು ತಂದೆ. ಒಂದು ಕಡುನೀಲಿ ರಬ್ಬರಿನದು, ಇನ್ನೊಂದು ಹುಡುಗರು ಕ್ರಿಕೆಟ್ ಆಡುವ ಹಳದಿ ಟೆನ್ನಿಸ್ ಬಾಲ್. ಎಲ್ಲ ಹೆಚ್ಚುಕಡಿಮೆ ಒಂದೇ ಗಾತ್ರ. ಮೂರನ್ನೂ ಬರೀ ನೀರಲ್ಲಿ ತೊಳೆದು, ಒಂದೇ ಚೀಲದಲ್ಲಿ ನಾಲ್ಕು ದಿನ ಇಟ್ಟೆ, ವಾಸನೆ ಒಂದೇ ಥರ ಆಗಲಿ ಅಂತ. ಇನ್ನೊಂದು ಮುಖ್ಯ ವಿಷಯ. ಉರುಳುವ ಚೆಂಡನ್ನು ನಾಯಿ ಬಣ್ಣ ನೋಡದೆಯೂ ಹಿಡಿಯುತ್ತೆ, ಚಲನೆ ಅದರ ಕಣ್ಣಿಗೆ ಅಷ್ಟು ಬೇಗ ಬೀಳುತ್ತೆ. ಅದಕ್ಕೆ ತಂಗಿ ಮಗಳು ಚೆನ್ನಿಯನ್ನು ಗೋಡೆ ಹಿಂದೆ ಹಿಡಿದುಕೊಂಡಿರುತ್ತಿದ್ದಳು, ನಾನು ಚೆಂಡು ಇಟ್ಟು ಬಂದ ಮೇಲೆ ಬಿಡುತ್ತಿದ್ದಳು. ಗಾಳಿ ಚೆಂಡಿನ ಕಡೆಯಿಂದ ಬೀಸುತ್ತಿದ್ದರೆ ಆಟ ನಿಲ್ಲಿಸುತ್ತಿದ್ದೆವು. ಇಲ್ಲದಿದ್ದರೆ ಕಣ್ಣಿಗಿಂತ ಮೊದಲು ಮೂಗೇ ಗೆಲ್ಲುತ್ತೆ.

ಹಗಲಲ್ಲಿ, ಹಸಿ ಹುಲ್ಲಲ್ಲಿ, ನೀಲಿಗೆ ಎದುರೇ ಇಲ್ಲ. ತಲೆ ಎತ್ತಿಕೊಂಡೇ ನೇರ ಓಡಿ ಬಾಯಲ್ಲಿ ಕಚ್ಚಿಕೊಂಡು ಬಂದಳು. ಸುತ್ತು ಹಾಕೋದು, ಮೂಗು ಉಜ್ಜೋದು ಏನೂ ಇಲ್ಲ. ಅವಳು ಹಾಗೆ ಓಡಿದ್ದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಟೆನ್ನಿಸ್ ಬಾಲ್ ಎರಡನೆಯದು. ಹೊಸದಿದ್ದಾಗ ಹುಲ್ಲಿಗಿಂತ ಹೊಳಪು ಜಾಸ್ತಿ, ಅದಕ್ಕೆ ಸಿಕ್ಕಿತು. ವಾರ ಕಳೆದು ಮಣ್ಣು ಮೆತ್ತಿದ ಮೇಲೆ ಹುಡುಕೋಕೆ ಶುರು ಮಾಡಿದಳು. ಕೆಂಪಿನ ಕಥೆ ಹಳೆಯದೇ. ಪ್ರತಿ ಸಲವೂ ಮೂಗಿನಿಂದಲೇ ಸಿಕ್ಕಿತು.

ಆದರೆ ಸಂಜೆ ಲೆಕ್ಕ ತಿರುಗಿತು. ಏಳು ಗಂಟೆ ಹೊತ್ತಿಗೆ ಮನೆ ಮುಂದಿನ ಡಾಂಬರು ರಸ್ತೆಯಲ್ಲಿ ಆಡಿದಾಗ ಕಡುನೀಲಿ ಚೆಂಡು ಕಪ್ಪು ರಸ್ತೆಯೊಳಗೆ ಕರಗಿಹೋಯಿತು. ಚೆನ್ನಿ ಅದನ್ನು ಮುಟ್ಟುವ ದೂರದಲ್ಲೂ ಗುರುತಿಸಲಿಲ್ಲ. ಟೆನ್ನಿಸ್ ಬಾಲ್ ಮಾತ್ರ ತಟ್ಟನೆ ಸಿಕ್ಕಿತು. ಮಬ್ಬು ಬೆಳಕಲ್ಲಿ ಕೆಲಸ ಮಾಡೋದು ಬಣ್ಣದ ಕೋಶಗಳಲ್ಲ, ರಾಡ್ ಕೋಶಗಳು. ಅವು ನಾಯಿಗೆ ಹೇರಳ. ಜೊತೆಗೆ ಕಣ್ಣಿನೊಳಗೆ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಪದರ ಇದೆ, ರಾತ್ರಿ ಗಾಡಿ ಬೆಳಕಿಗೆ ನಾಯಿ ಕಣ್ಣು ಹೊಳೆಯೋದು ಅದರಿಂದಲೇ. ಆದರೆ ರಾಡ್ ಕೋಶಗಳಿಗೆ ಗೊತ್ತಾಗೋದು ತಿಳಿ ಯಾವುದು, ಕಪ್ಪು ಯಾವುದು ಅಷ್ಟೇ. ಅಜ್ಜ ಹೇಳಿದ್ದು ಕತ್ತಲೆಯ ಮಟ್ಟಿಗೆ ಸರಿ! ಅವರಿಗೂ ಹೇಳಿದೆ, ಖುಷಿಪಟ್ಟರು.

ಟೆನ್ನಿಸ್ ಬಾಲ್ ಬಗ್ಗೆ ಒಂದು ಮಾತು. ಅದರ ಮೇಲಿನ ನಾರು ಒರಟು. ರಸ್ತೆ ಮಣ್ಣು ಹಿಡಿದರೆ ಉಪ್ಪುಕಾಗದದ ಹಾಗೆ ಹಲ್ಲು ಸವೆಸುತ್ತೆ. ಎಸೆದು ತರಿಸೋಕೆ ಪರವಾಗಿಲ್ಲ, ಜಗಿಯೋಕೆ ಬಿಡಬಾರದು. ಹಾಗಾಗಿ ಸಂಜೆಗೆ ಈಗ ತಿಳಿ ಹಳದಿ ರಬ್ಬರ್ ಚೆಂಡು ತಂದಿದ್ದೇನೆ. ಯಾವುದೇ ಚೆಂಡಾಗಲಿ, ಗಂಟಲಿಗೆ ಇಳಿಯದಷ್ಟು ದೊಡ್ಡದಿರಬೇಕು. ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಅದು.

ನನ್ನ ಆಯ್ಕೆ ಕೇಳಿದರೆ, ಒಂದೇ ಚೆಂಡಿಗೆ ದುಡ್ಡಿದ್ದರೆ ನೀಲಿ ತನ್ನಿ, ಆದರೆ ಕಡುನೀಲಿ ಬೇಡ, ತಿಳಿ ನೀಲಿ ತನ್ನಿ. ಹುಲ್ಲಿಗೂ ಆಗುತ್ತೆ, ಮುಸ್ಸಂಜೆಗೂ ಸ್ವಲ್ಪ ಆಗುತ್ತೆ. ಕೆಂಪು ಚೆಂಡನ್ನು ನಾನು ಬಿಸಾಕಿಲ್ಲ. ಮಳೆ ಜೋರಾಗಿ ಹೊರಗೆ ಹೋಗೋಕೆ ಆಗದ ದಿನ ಅದನ್ನು ಒಳಗೆ ಬಿಳಿ ಟೈಲ್ಸ್ ಮೇಲೆ ಉರುಳಿಸುತ್ತೇನೆ. ಬಿಳಿ ನೆಲದಲ್ಲಿ ಆ ಕಂದು ಚುಕ್ಕೆ ಚೆನ್ನಿಗೆ ಅಡುಗೆಮನೆ ಬಾಗಿಲಿನಿಂದಲೇ ಕಾಣುತ್ತೆ.