ಸೇಂಟ್ ಆ್ಯಂಡ್ರೂಸೋ ಎಲ್ಗಿನ್ನೋ? ಸ್ಕಾಟ್ಲೆಂಡಿನ ಎರಡು ಪಾಳು ಕೆಥೆಡ್ರಲ್‌ಗಳು

ಬಿಡಾರ ಎಡಿನ್‌ಬರೊದಲ್ಲಿದ್ದು ಒಂದೇ ದಿನದಲ್ಲಿ ಹೋಗಿ ಬರಬೇಕಾದರೆ ಸೇಂಟ್ ಆ್ಯಂಡ್ರೂಸ್, ಇನ್ವರ್ನೆಸ್‌ನಲ್ಲಿದ್ದರೆ ಎಲ್ಗಿನ್. ದೂರವೊಂದೇ ಲೆಕ್ಕವಾದರೆ ಇಷ್ಟು ಸಾಕು. ಆದರೆ ನೋಡುವುದಕ್ಕೆ ಸಿಗುವುದು ಎರಡು ಕಡೆ ಬೇರೆ ಬೇರೆ.

ಸೇಂಟ್ ಆ್ಯಂಡ್ರೂಸ್‌ನಲ್ಲಿ ಉಳಿದಿರುವುದು ಮುಖ್ಯವಾಗಿ ಅಳತೆ. 12ನೇ ಶತಮಾನದ ನಡುವೆ ಕೆಲಸ ಶುರುವಾಗಿ, 1318ರಲ್ಲಿ ದೊರೆ ರಾಬರ್ಟ್ ಬ್ರೂಸ್ ಎದುರಿನಲ್ಲಿ ಪ್ರತಿಷ್ಠೆಯಾದ ಈ ಕಟ್ಟಡ ಸುಮಾರು 119 ಮೀಟರ್ ಉದ್ದವಿತ್ತು. ಈಗ ನಿಂತಿರುವುದು ಪೂರ್ವದ ತುದಿಗೋಡೆ, ಪಶ್ಚಿಮ ಮುಂಭಾಗದ ಒಂದು ತುಂಡು, ದಕ್ಷಿಣದ ಉದ್ದ ಗೋಡೆ. ನಡುವೆ ಹುಲ್ಲು, ಹುಲ್ಲಿನಲ್ಲಿ ಕಂಬಗಳ ಬುಡ. ಪಶ್ಚಿಮದ ಬಾಗಿಲಿನಿಂದ ಪೂರ್ವದ ಗೋಡೆಯವರೆಗೆ ನೇರ ನಡೆದು ನೋಡಬೇಕು. ಹಾಗೆ ನಡೆಯದೆ ಬದಿಯಿಂದ ಇಣುಕಿ ಹೋಗುವವರು 'ಎರಡು ಗೋಡೆ ಬಿಟ್ಟರೆ ಏನೂ ಇಲ್ಲ' ಎನ್ನುತ್ತಾರೆ. ತಪ್ಪೇನಲ್ಲ. 1559ರಲ್ಲಿ ಪ್ರೊಟೆಸ್ಟಂಟ್ ಸುಧಾರಕ ಜಾನ್ ನಾಕ್ಸ್‌ನ ಪ್ರವಚನದ ಬೆನ್ನಿಗೆ ಒಳಗಿನ ವಿಗ್ರಹ, ಬಲಿಪೀಠಗಳನ್ನು ಜನ ಕಿತ್ತುಹಾಕಿದರು. ಆಮೇಲೆ ಊರಿನವರು ಮನೆ ಕಟ್ಟಲು ಕಲ್ಲು ಸಾಗಿಸಿದರು.

ಅಲ್ಲಿನ ನಿಜವಾದ ಆಕರ್ಷಣೆ ಆವರಣದಲ್ಲೇ ಇರುವ ಸೇಂಟ್ ರೂಲ್ ಗೋಪುರ. ಕೆಥೆಡ್ರಲ್‌ಗಿಂತಲೂ ಹಳೆಯದು, 33 ಮೀಟರ್ ಎತ್ತರ. ಒಳಗಿನ ಸುರುಳಿ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಇಳಿಯುವವರು ಬಂದರೆ ಹತ್ತುವವರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಬೆನ್ನಿನ ಚೀಲ ಹೊರಗೇ ಬಿಡುವುದು ಒಳ್ಳೆಯದು, ಸೀರೆ ಅಥವಾ ಉದ್ದ ಕೋಟಾದರೆ ಎತ್ತಿ ಕಟ್ಟಿಕೊಳ್ಳಿ. ಮೇಲೆ ಹೋದರೆ ಕೆಥೆಡ್ರಲ್‌ನ ಪೂರ್ತಿ ನಕ್ಷೆ ಹುಲ್ಲಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆವರಣಕ್ಕೆ ಹಣವಿಲ್ಲ; ಗೋಪುರಕ್ಕೂ ಮ್ಯೂಸಿಯಂಗೂ ಟಿಕೆಟ್ ಇದೆ. ಕಲ್ಲುಗಳ ತಪಾಸಣೆಗೆಂದು ಗೋಪುರವನ್ನು ಆಗಾಗ ಮುಚ್ಚುವುದುಂಟು. ಹೊರಡುವ ಮೊದಲೇ ವಿಚಾರಿಸಿಕೊಳ್ಳಿ, ಗೋಪುರ ಇಲ್ಲವೆಂದರೆ ಈ ಊರಿನ ಅರ್ಧ ತೂಕ ಹೋಯಿತು. ಸಮುದ್ರದಿಂದ ನುಗ್ಗುವ ದಟ್ಟ ಮಂಜು ಇನ್ನೊಂದು ಕಾಟ: ವಸಂತ, ಬೇಸಿಗೆಯಲ್ಲೂ ಬರುತ್ತದೆ, ಬಂದರೆ ಮೇಲಿನಿಂದ ಏನೂ ಕಾಣದು.

ಎಲ್ಗಿನ್‌ನಲ್ಲಿ ನೋಡಬೇಕಾದ್ದು ಕೆತ್ತನೆ. 1224ರಲ್ಲಿ ಲಾಸಿ ನದಿಯ ದಡದಲ್ಲಿ ಸ್ಥಾಪನೆಯಾದ ಇದನ್ನು ರಾಜನ ತಮ್ಮ ಅಲೆಗ್ಸಾಂಡರ್ ಸ್ಟುವರ್ಟ್ 1390ರಲ್ಲಿ ಸುಟ್ಟ. ಬಿಷಪ್ ತನ್ನನ್ನು ಧರ್ಮದಿಂದ ಹೊರಹಾಕಿದ್ದಕ್ಕೆ ಸೇಡು! 'ಬ್ಯಾಡೆನಾಕ್‌ನ ತೋಳ' ಎಂದು ಅವನಿಗೆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಮತ್ತೆ ಕಟ್ಟಿದರು. ಆದರೆ 1567ರಲ್ಲಿ ಸೈನಿಕರ ಸಂಬಳಕ್ಕೆಂದು ಛಾವಣಿಯ ಸೀಸ ಕೀಳಿಸಿದ ಮೇಲೆ ಮಳೆ ನೀರು ಒಳಗಿಳಿಯಿತು, ಗಾರೆ ಸಡಿಲಾಯಿತು, 1711ರಲ್ಲಿ ನಡುಗೋಪುರವೇ ಕುಸಿಯಿತು. ಕಟ್ಟಡವನ್ನು ಕೊಂದದ್ದು ಬೆಂಕಿಗಿಂತ ನೀರು.

ಆದರೂ ಪಶ್ಚಿಮದ ಜೋಡಿ ಗೋಪುರ ನಿಂತಿವೆ, ಒಳಗೆ ಹತ್ತಬಹುದು, ಬಿದ್ದ ಕಲ್ಲುಗಳ ಕೆತ್ತನೆ ಅಲ್ಲೇ ಕಣ್ಣೆದುರಿಗೆ ಸಿಗುತ್ತದೆ. ಎಂಟು ಮೂಲೆಯ ಚಾಪ್ಟರ್ ಹೌಸ್, ಅಂದರೆ ಪಾದ್ರಿಗಳ ಸಭಾಮಂದಿರ, ಛಾವಣಿ ಸಮೇತ ಉಳಿದಿದೆ. ನಡುವಿನ ಒಂದೇ ಕಂಬದಿಂದ ಕಮಾನಿನ ಪಕ್ಕೆಗಳು ಕೊಡೆಯ ಕಡ್ಡಿಗಳಂತೆ ಹರಡಿಕೊಂಡಿವೆ. ಮಳೆ ಬಂದಾಗ ನಿಲ್ಲಲು ಜಾಗ ಅದೇ. ಕೆತ್ತನೆಗಳು ಮೇಲಿರುವುದರಿಂದ ಬರಿಗಣ್ಣಿಗೆ ಅರ್ಧ ದಕ್ಕುವುದಿಲ್ಲ. ಚಿಕ್ಕ ದುರ್ಬೀನು ಒಯ್ದರೆ ಸಾರ್ಥಕ. ಹೊರಗೆ ನಿಂತಿರುವ, ಸ್ಕಾಟ್ಲೆಂಡಿನ ಪ್ರಾಚೀನ ಪಿಕ್ಟ್ ಜನರ ಕಾಲದ ಶಿಲುಬೆ ಕಲ್ಲಿನ ಹಿಂಬದಿಯನ್ನೂ ಸುತ್ತಿ ನೋಡಿ, ಗಿಡುಗ ಹಿಡಿದ ಬೇಟೆಗಾರನಿದ್ದಾನೆ.

ಬೆಳಕಿನ ಲೆಕ್ಕ ಎರಡಕ್ಕೂ ಒಂದೇ: ಪಶ್ಚಿಮ ಮುಖ ಮಧ್ಯಾಹ್ನದ ಮೇಲೆ ಚೆನ್ನ. ಡಿಸೆಂಬರಿನಲ್ಲಿ ಮೂರೂವರೆಯ ಹೊತ್ತಿಗೇ ಸೂರ್ಯ ಮುಳುಗುವುದರಿಂದ ಆಗ ಬೆಳಗ್ಗೆಯೇ ತಲುಪಬೇಕು.

ದಾರಿ: ಸೇಂಟ್ ಆ್ಯಂಡ್ರೂಸ್‌ಗೆ ರೈಲಿಲ್ಲ. ಎಡಿನ್‌ಬರೊದಿಂದ ಲೂಕರ್ಸ್‌ವರೆಗೆ ಸುಮಾರು ಒಂದು ಗಂಟೆಯ ರೈಲು, ಅಲ್ಲಿಂದ ಬಸ್ಸು. ಎಲ್ಗಿನ್ ಇನ್ವರ್ನೆಸ್–ಅಬರ್ಡೀನ್ ರೈಲು ದಾರಿಯಲ್ಲೇ ಇದೆ, ಇನ್ವರ್ನೆಸ್‌ನಿಂದ ಮುಕ್ಕಾಲು ಗಂಟೆ, ನಿಲ್ದಾಣದಿಂದ ನಡೆದೇ ಹೋಗಬಹುದು.

ಎರಡಕ್ಕೂ ಹೋಗುವ ಯೋಗವಿದ್ದರೆ ಎಲ್ಗಿನ್ ಮೊದಲಾಗಲಿ. ಕಮಾನು, ಕಿಟಕಿ, ಕಂಬಗಳು ಹೇಗೆ ಕೂಡುತ್ತಿದ್ದವೆಂದು ಅಲ್ಲಿ ಕಣ್ಣಿಗೆ ಅಭ್ಯಾಸವಾದರೆ, ಸೇಂಟ್ ಆ್ಯಂಡ್ರೂಸ್‌ನ ಹುಲ್ಲಿನ ಮೇಲೆ ಇಲ್ಲದ ಗೋಡೆಗಳನ್ನು ತಾವೇ ಎಬ್ಬಿಸಿಕೊಳ್ಳಬಹುದು.