ಪಿಯೆಂಜಾ: ಚೀಸ್ ಅಂಗಡಿಗಿಂತ ಮೊದಲು ಅರಮನೆಗೆ ಹೋಗಿ

ಇಟಲಿಯ ಟಸ್ಕನಿ ಪ್ರಾಂತ್ಯದ ಬೆಟ್ಟದೂರುಗಳಲ್ಲಿ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು ಅಂತ ಯಾರಾದರೂ ಕೇಳಿದರೆ ನಾನು ಪಿಯೆಂಜಾ ಅಂತಲೇ ಹೇಳುತ್ತೇನೆ. ಅಮ್ಮನಿಗೆ ಮಂಡಿ ನೋವು. ಹಿಂದಿನ ದಿನ ಮೊಂಟೆಪುಲ್ಚಾನೊದ ಏರು ಹತ್ತಿ ಹತ್ತಿ ಸುಸ್ತಾಗಿದ್ದರು. ಪಿಯೆಂಜಾ ಗುಡ್ಡದ ನೆತ್ತಿಯಲ್ಲಿದ್ದರೂ ಒಳಗಿನ ಮುಖ್ಯ ಬೀದಿ ಹೆಚ್ಚುಕಡಿಮೆ ಸಮತಟ್ಟು. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರೂ ಹತ್ತು ನಿಮಿಷ ಸಾಕು.

ಅಷ್ಟು ಚಿಕ್ಕದು ಅಂತಲೇ ಎಷ್ಟೋ ಜನ ಒಂದು ಗಂಟೆಯಲ್ಲಿ ಮುಗಿಸಿ, ಚೀಸ್ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿಕೊಲೊಮಿನಿ ಅರಮನೆಗೆ ಟಿಕೆಟ್ ತೆಗೆದುಕೊಳ್ಳಿ. ಆಡಿಯೊ ಗೈಡ್ ಇಂಗ್ಲಿಷಿನಲ್ಲೂ ಇದೆ. ನಾನು ಒಂದೊಂದು ಕೋಣೆಯಲ್ಲೂ ನಿಂತು ಕೇಳಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

ಕಥೆ ಚೆನ್ನಾಗಿದೆ. ಮೊದಲು ಇದು ಕೊರ್ಸಿಞಾನೊ ಅನ್ನುವ ಹಳ್ಳಿ. 1405ರಲ್ಲಿ ಇಲ್ಲಿ ಹುಟ್ಟಿದ ಎನೆಯಾ ಸಿಲ್ವಿಯೊ ಪಿಕೊಲೊಮಿನಿ 1458ರಲ್ಲಿ ಪೋಪ್ ಆದರು, ಎರಡನೇ ಪಿಯುಸ್ ಅಂತ ಹೆಸರಿಟ್ಟುಕೊಂಡರು. ಮರುವರ್ಷವೇ ತಾವು ಹುಟ್ಟಿದ ಹಳ್ಳಿಯನ್ನು ಹೊಸ ಪಟ್ಟಣವಾಗಿ ಕಟ್ಟಿಸಲು ಬೆರ್ನಾರ್ಡೊ ರೊಸೆಲಿನೊ ಅನ್ನುವ ಶಿಲ್ಪಿಯನ್ನು ಕರೆಸಿದರು. ಪಿಯೆಂಜಾ ಅಂದರೆ ಪಿಯುಸ್‌ನ ಊರು. ಖರ್ಚು ಮೊದಲು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿಯಾಯಿತು. ರೊಸೆಲಿನೊ ಬೈಗುಳ ಕಾದು ನಿಂತಿದ್ದಾಗ ಪೋಪ್ ಹೇಳಿದ್ದೇ ಬೇರೆ: ನೀನು ನಿಜ ಹೇಳಿದ್ದರೆ ನಾವು ಇದನ್ನು ಕಟ್ಟಿಸುತ್ತಲೇ ಇರಲಿಲ್ಲ, ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಅಂತ. ಇದನ್ನು ಪೋಪ್ ತಾವೇ ಬರೆದಿಟ್ಟಿದ್ದಾರೆ. 1464ರಲ್ಲಿ ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಆಗ ಕೆಲಸ ಎಲ್ಲಿಗೆ ಬಂದಿತ್ತೋ ಊರು ಬಹುಮಟ್ಟಿಗೆ ಹಾಗೆಯೇ ಉಳಿದಿದೆ. 1996ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಅರಮನೆಯ ಹಿಂಭಾಗಕ್ಕೆ ಬಂದಾಗ ಅಮ್ಮ ಮಾತೇ ಆಡಲಿಲ್ಲ. ಮೂರು ಅಂತಸ್ತಿನ ಕಂಬದ ಜಗಲಿ, ಕೆಳಗೆ ಪುಟ್ಟ ತೋಟ, ಅದರಾಚೆ ವಾಲ್ ದೋರ್ಚಾ ಕಣಿವೆ, ದೂರದಲ್ಲಿ 1,738 ಮೀಟರ್ ಎತ್ತರದ ಅಮಿಯಾಟಾ ಬೆಟ್ಟ. ಈ ನೋಟ ಸಿಗಲಿ ಅಂತಲೇ ಮನೆಯ ಆ ಬದಿಯನ್ನು ಕಣಿವೆಗೆ ತೆರೆದಿಟ್ಟಿದ್ದಾರೆ. ಪೋಪ್‌ನ ಮನೆತನದವರು 1962ರವರೆಗೂ ಇಲ್ಲೇ ವಾಸವಾಗಿದ್ದರು. ಮೆಟ್ಟಿಲು ಇದೆ, ಮಂಡಿ ನೋವಿರುವವರು ಅದಕ್ಕೆ ಸಿದ್ಧರಾಗಿ ಹೋಗಿ.

ಪಕ್ಕದಲ್ಲೇ ದೊಡ್ಡ ಚರ್ಚ್, ದುವೊಮೊ. ಪಿಯುಸ್ ಪೋಪ್ ಆಗುವ ಮೊದಲು ಆಸ್ಟ್ರಿಯಾದಲ್ಲಿ ಚಕ್ರವರ್ತಿಯ ಆಸ್ಥಾನದಲ್ಲಿ ಕೆಲಸ ಮಾಡಿದ್ದರು. ಒಳಗೆ ಕಂಬಗಳು ಚರ್ಚನ್ನು ಉದ್ದಕ್ಕೆ ಮೂರು ಸಾಲಾಗಿ ಭಾಗಿಸಿವೆ, ಅಲ್ಲಿ ಕಂಡ ಚರ್ಚುಗಳಂತೆ ಈ ಮೂರೂ ಸಾಲುಗಳ ಚಾವಣಿ ಒಂದೇ ಎತ್ತರ. ಕಿಟಕಿಗಳು ದೊಡ್ಡವು, ಒಳಗೆ ಬೆಳಕೋ ಬೆಳಕು. ಕಣಿವೆಯ ಅಂಚಿಗೆ ಕಟ್ಟಿದ್ದರಿಂದ ಅಡಿಯ ಮಣ್ಣು ಜಾರುತ್ತಲೇ ಬಂದಿದೆ, ಬಲಿಪೀಠದ ಕಡೆಗೆ ನಡೆದರೆ ನೆಲ ಇಳಿಜಾರಾಗಿರುವುದು ಕಾಲಿಗೇ ಗೊತ್ತಾಗುತ್ತದೆ. ಗೋಡೆಯಲ್ಲಿ ಬಿರುಕುಗಳೂ ಕಾಣುತ್ತವೆ. 1462ರಲ್ಲಿ ಪೋಪ್ ಇದರಲ್ಲಿ ಯಾರೂ ಏನನ್ನೂ ಬದಲಾಯಿಸಬಾರದು ಅಂತ ಆಜ್ಞೆ ಹೊರಡಿಸಿದ್ದರು. ಮನುಷ್ಯರೇನೋ ಮಾತು ಕೇಳಿದರು, ಮಣ್ಣು ಕೇಳಲಿಲ್ಲ. ನೋಡಿ ನನಗೆ ನಿಜವಾಗಿಯೂ ಬೇಸರವಾಯಿತು.

ಇನ್ನು ಚೀಸ್. ಇಲ್ಲಿನ ಚೀಸಿನ ಹೆಸರು ಪೆಕೊರಿನೊ, ಕುರಿ ಹಾಲಿನದು. ಎಳೆಯದು ಮೆತ್ತಗೆ, ಹಳೆಯದು ಗಟ್ಟಿ ಮತ್ತು ಖಾರ. ವಾಲ್‌ನಟ್ ಎಲೆಯಲ್ಲಿ ಸುತ್ತಿ ಮಾಗಿಸಿದ್ದು ನನಗೆ ತುಂಬಾ ಇಷ್ಟವಾಯಿತು. ಒಂದು ಅಂಗಡಿಯಲ್ಲಿ ಕಾಲು ಕೆಜಿ ಕೇಳಿದ್ದಕ್ಕೆ ಅರ್ಧ ಕೆಜಿ ಹತ್ತಿರ ಕತ್ತರಿಸಿ ಪ್ಯಾಕ್ ಮಾಡಿಯೇಬಿಟ್ಟರು, ಆದ್ದರಿಂದ ತೂಕ ನೋಡಿಯೇ ಕತ್ತರಿಸಲು ಹೇಳಿ. ಶುದ್ಧ ಸಸ್ಯಾಹಾರಿಗಳು ಇನ್ನೊಂದು ವಿಷಯ ಗಮನಿಸಿ. ಹಳೆಯ ಪದ್ಧತಿಯಲ್ಲಿ ಹಾಲು ಒಡೆಸಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು. 'ಕಾಲ್ಯೊ ವೆಜೆತಾಲೆ' ಇದೆಯಾ ಅಂತ ಕೇಳಿ, ಅಂದರೆ ಸಸ್ಯದ ಹೆಪ್ಪು. ಊಟಕ್ಕೆ ಪೀಚಿ ತಗೊಳ್ಳಿ, ಕೈಯಲ್ಲೇ ಹೊಸೆದ ದಪ್ಪ ಶಾವಿಗೆ ಅನ್ನಬಹುದು. ಬೆಳ್ಳುಳ್ಳಿ ಟೊಮ್ಯಾಟೊ ಸಾಸ್ ಹಾಕಿದ್ದನ್ನು ಅಮ್ಮ ಪೂರ್ತಿ ತಿಂದರು.

ಶಕ್ತಿ ಇದ್ದರೆ ಊರಿನ ಕೆಳಗೆ ಹತ್ತು ನಿಮಿಷ ಇಳಿದು ಕೊರ್ಸಿಞಾನೊದ ಹಳೆಯ ಕಲ್ಲಿನ ಚರ್ಚಿಗೂ ಹೋಗಿ. ಬಾಗಿಲ ಮೇಲೆ ಎರಡು ಬಾಲದ ಮತ್ಸ್ಯಕನ್ಯೆಯ ಕೆತ್ತನೆ ಇದೆ. ಮುಂದೆ ಪೋಪ್ ಆದ ಆ ಮಗುವಿಗೆ ಜ್ಞಾನಸ್ನಾನ ಮಾಡಿಸಿದ್ದು ಇಲ್ಲೇ. ಅಮ್ಮ ಮೇಲೆ ಬೆಂಚಿನಲ್ಲಿ ಕೂತರು, ನಾನೊಬ್ಬಳೇ ಹೋಗಿ ಬಂದೆ, ಒಳಗೆ ಬೇರೆ ಯಾರೂ ಇರಲಿಲ್ಲ.

ಭಾನುವಾರ ಬಸ್ಸು ತುಂಬಾ ಕಡಿಮೆ. ವಾರದ ದಿನ ಹೋಗಿ, ವಾಪಸ್ ಬಸ್ಸಿನ ಸಮಯವನ್ನು ಇಳಿದ ತಕ್ಷಣವೇ ನೋಡಿಟ್ಟುಕೊಳ್ಳಿ.