ಎಂಟು ತಿಂಗಳು ಬಳಸಿದ ಸ್ಕಿಮ್ಮರ್: ನೊರೆ ಚೆನ್ನಾಗಿದೆ, ಉಕ್ಕದ ಹಾಗೆ ನಾವೇ ನೋಡ್ಕೋಬೇಕು

ಮೈಸೂರಿನ ನಮ್ಮ ಬಾಡಿಗೆ ಮನೆ ಮೊದಲನೇ ಮಹಡಿಯಲ್ಲಿದೆ. ಹಾಲ್‌ನಲ್ಲಿ ನಾಲ್ಕಡಿ ಉದ್ದದ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೀನಿ, ಸುಮಾರು 250 ಲೀಟರ್. ಎರಡು ಕ್ಲೌನ್ ಮೀನು, ಒಂದು ಅನಿಮೋನಿ (ಹೂವಿನ ಹಾಗೆ ಕಾಣೋ ಕಡಲಜೀವಿ), ಒಂದು ಕ್ಲೀನರ್ ಸೀಗಡಿ ಇವೆ. ಕೆಳಗೆ ಕ್ಯಾಬಿನೆಟ್‌ನಲ್ಲಿ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬರೋ ಇನ್ನೊಂದು ಸಣ್ಣ ತೊಟ್ಟಿ. ಅದರೊಳಗೆ ನೀರಿನ ಕೊಳೆಯನ್ನ ನೊರೆ ಮಾಡಿ ತೆಗೆಯೋ ಈ ಪ್ರೋಟೀನ್ ಸ್ಕಿಮ್ಮರ್. ಕಂಪನಿ ಹೆಸರು ಹೇಳಲ್ಲ. ಸಂಪಿನೊಳಗೆ ಕೂರೋ ಈ ಬಗೆಯ ಯಾವ ಸ್ಕಿಮ್ಮರ್‌ಗೂ ನಾನು ಬರೀತಿರೋದು ಅನ್ವಯಿಸತ್ತೆ.

ಮೊದಲು ಕೆಲಸದ ಮಾತು. ನಾನು ಉಡುಪಿ ಕಡೆಯವಳು. ಗಾಳಿ ಜೋರಾಗಿರೋ ದಿನ ಮಲ್ಪೆಯಲ್ಲಿ ಅಲೆ ಹಿಂದೆ ಸರಿದ ಮೇಲೆ ಮರಳ ಮೇಲೆ ನೊರೆ ಉಳಿಯತ್ತಲ್ಲ, ಈ ಕೊಳವೆಯೊಳಗೆ ನಡೆಯೋದೂ ಅದೇ. ಪಂಪಿನ ಮುಳ್ಳುಚಕ್ರ ಗಾಳಿಯನ್ನ ಸಣ್ಣ ಸಣ್ಣ ಗುಳ್ಳೆ ಮಾಡತ್ತೆ. ಮೀನಿನ ಹೇಲು, ಉಳಿದ ತಿಂಡಿಯಿಂದ ನೀರಿಗೆ ಸೇರಿದ ಪ್ರೋಟೀನು ಗುಳ್ಳೆಗೆ ಅಂಟಿಕೊಂಡು ಮೇಲೇರಿ, ಕೊಳೆ ಸೇರೋಕೆ ಮೇಲೆ ಕೂರಿಸಿರೋ ಕಪ್ಪಿಗೆ (ಬಟ್ಟಲಿಗೆ) ಬೀಳತ್ತೆ. ಇದರಲ್ಲಿ ಈ ಯಂತ್ರಕ್ಕೆ ಪೂರ್ತಿ ಅಂಕ. ಮೂರು ದಿನಕ್ಕೆ ಅರ್ಧ ಕಪ್ಪು ಬರತ್ತೆ, ಗಟ್ಟಿ ಡಿಕಾಕ್ಷನ್ ಬಣ್ಣ, ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಸದ್ದೂ ಕಡಿಮೆ, ರಾತ್ರಿ ಫ್ಯಾನಿನ ಸದ್ದಿನಲ್ಲಿ ಕೇಳಿಸೋದೇ ಇಲ್ಲ.

ತೊಂದರೆ ಶುರುವಾಗಿದ್ದು ಕರೆಂಟಿನಿಂದ. ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಕೆಳಗಿನ ಮನೆ ಆಂಟಿ ಫೋನ್ ಮಾಡಿದ್ರು: "ನೋಡಮ್ಮ, ನಮ್ಮ ಸೀಲಿಂಗ್‌ನಿಂದ ಏನೋ ತೊಟ್ಟಿಕ್ತಿದೆ, ವಾಸನೆ ಬೇರೆ." ಓಡಿ ಬಂದೆ. ಕಪ್ಪಿನ ಪೈಪನ್ನ ಐದು ಲೀಟರಿನ ಕ್ಯಾನಿಗೆ ಬಿಟ್ಟಿದ್ದೆ. ಕ್ಯಾನ್ ತುಂಬಿ ನೆಲವೆಲ್ಲ ಉಪ್ಪುನೀರು.

ಆಗಿದ್ದಿಷ್ಟು. ಕರೆಂಟ್ ಹೋದಾಗ ಮೇಲಕ್ಕೆ ನೀರು ಕಳಿಸೋ ಪಂಪ್ ನಿಂತಿತು, ಟ್ಯಾಂಕಿನ ಮೇಲ್ಭಾಗದ ನೀರು ಸಂಪಿಗೆ ಇಳಿಯಿತು. ಸ್ಕಿಮ್ಮರ್ ಸುತ್ತ ಎಂಟು ಇಂಚು ಇರಬೇಕಾದ ನೀರು ಒಂಬತ್ತೂವರೆ ಆಯಿತು. ಕರೆಂಟ್ ಬಂದ ತಕ್ಷಣ ಸ್ಕಿಮ್ಮರ್ ಪೂರ್ತಿ ವೇಗದಲ್ಲಿ ಶುರುವಾಗಿ, ಒಲೆ ಮೇಲಿನ ಹಾಲಿನ ಹಾಗೆ ಉಕ್ಕಿತು. ಅದು ಹೊರಗೆ ಸುರಿದಷ್ಟೂ ಸಂಪಿನ ಮಟ್ಟ ಇಳಿಯಿತು. ಆವಿಯಾದ ನೀರು ತುಂಬಿಸೋಕೆ ಇಟ್ಟಿದ್ದ ಆಟೋ ಟಾಪ್-ಆಫ್ ಅದನ್ನ ನೋಡಿ ಸಿಹಿನೀರು ಸುರೀತಾನೇ ಹೋಯಿತು. ಮಟ್ಟ ಹೀಗೆ ಮತ್ತೆ ಮತ್ತೆ ಮೇಲೇರ್ತಿದ್ದರಿಂದ ಉಕ್ಕೋದೂ ನಿಲ್ಲಲಿಲ್ಲ. ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್‌ನಲ್ಲಿ ಉಪ್ಪು ಸಾವಿರಕ್ಕೆ 35 ಇದ್ದದ್ದು 33ಕ್ಕೆ ಇಳಿದಿತ್ತು. ನೆಲ ಒರೆಸಬಹುದು, ಆದರೆ ಆ ಅನಿಮೋನಿ ಮುದುಡಿ ಕೂತಿದ್ದನ್ನ ನೋಡಿ ನನಗೆ ತುಂಬಾ ಸಂಕಟ ಆಯಿತು. ಎರಡು ದಿನ ಬಿಟ್ಟು ಬಿಚ್ಚಿಕೊಂಡಿತು.

ಕಂಪನಿಯ ಮೇಲೆ ನನ್ನ ದೂರು ಇದೇ. ಕರೆಂಟ್ ಬಂದ ಮೇಲೆ ಹತ್ತು ನಿಮಿಷ ತಡೆದು ಶುರುವಾಗೋ ಸೌಲಭ್ಯ ಕಂಟ್ರೋಲರ್‌ನಲ್ಲೇ ಕೊಡಬಹುದಿತ್ತು. ಪುಸ್ತಿಕೆಯಲ್ಲೂ ಇದರ ಬಗ್ಗೆ ಒಂದು ಸಾಲಿಲ್ಲ. ಕೊನೆಗೆ ನಾನೇ ಟೈಮರ್ ಪ್ಲಗ್ ಹಾಕಿಸಿದೆ. ಪಂಪ್ ಮೊದಲು ಸಂಪಿನ ಮಟ್ಟ ಇಳಿಸತ್ತೆ, ಆಮೇಲೆ ಸ್ಕಿಮ್ಮರ್ ಶುರು. ಕ್ಯಾನಿನ ಬಾಯಿ ಹತ್ತಿರ ಒಂದು ಫ್ಲೋಟ್ ಸ್ವಿಚ್ ಕೂಡ ಇದೆ. ಕ್ಯಾನ್ ತುಂಬ್ತಾ ಬಂದರೆ ಸ್ಕಿಮ್ಮರ್ ಕರೆಂಟ್ ಕಟ್. ಎಲೆಕ್ಟ್ರಿಷಿಯನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್) ಹಾಕಿಕೊಟ್ಟರು, ಫ್ಲೋಟ್ ಸ್ವಿಚ್ಚಿಗೆ ಬರೋದು 12 ವೋಲ್ಟ್ ಮಾತ್ರ. ಉಪ್ಪುನೀರಿನ ಹತ್ತಿರ 230 ವೋಲ್ಟಿನ ತಂತಿ ಯಾರೂ ಬಿಡಬೇಡಿ. ಟಾಪ್-ಆಫ್ ಡಬ್ಬವನ್ನ 20 ಲೀಟರಿನಿಂದ ಐದಕ್ಕೆ ಇಳಿಸಿದೆ. ಎಲ್ಲ ಕೈಕೊಟ್ಟರೂ ಅಷ್ಟೇ ಸಿಹಿನೀರು ಬೀಳತ್ತೆ.

ಉಕ್ಕೋದಕ್ಕೆ ಕರೆಂಟೊಂದೇ ಕಾರಣ ಅಲ್ಲ. ಹೊಸ ಸ್ಕಿಮ್ಮರ್ ಮೊದಲ ಒಂದೆರಡು ವಾರ ಹೇಗ್ಹೇಗೋ ಆಡತ್ತೆ. ಒಳಗೋಡೆ ಮೇಲೆ ಜಿಡ್ಡಿನ ಪದರ ಕೂತ ಮೇಲೆ ಸರಿಹೋಗತ್ತೆ, ಅಲ್ಲಿವರೆಗೂ ನೀರು ಹೊರಗೆ ಹೋಗೋ ವಾಲ್ವ್ ಪೂರ್ತಿ ಬಿಟ್ಟು ನೊರೆ ಕೆಳಗೇ ಇರೋ ಹಾಗೆ ನೋಡ್ಕೊಳ್ಳಿ. ಕಲ್ಲು ಅಂಟಿಸೋಕೆ ಎಪಾಕ್ಸಿ ಹಾಕಿದ ದಿನ, ನಲ್ಲಿನೀರಿಗೆ ಹಾಕೋ ಕಂಡಿಷನರ್ ಬಳಸಿದ ದಿನ ಉಕ್ಕೇ ಉಕ್ಕತ್ತೆ. ಪಾತ್ರೆ ತೊಳೆದ ಕೈಯಲ್ಲಿ ಸೋಪಿನ ಅಂಶ ಉಳಿದಿದ್ದರೂ ಸಾಕು. ಅಂಥ ದಿನ ನಾನು ಪೈಪು ಕಳಚಿ, ಕಪ್ಪಿನಿಂದ ಉಕ್ಕಿದ್ದು ಸಂಪಿಗೇ ವಾಪಸ್ ಬೀಳೋಕೆ ಬಿಡ್ತೀನಿ. ಕೊಳೆ ವಾಪಸ್ ಹೋಗತ್ತೆ ನಿಜ, ಆದರೆ ಉಪ್ಪು ಹೊರಗೆ ಹೋಗಲ್ಲ.

ಕಪ್ಪಿನ ಕೆಳಗಿನ ಓ-ರಿಂಗ್ (ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಮಾತ್ರ ತೀರಾ ತೆಳು, ಆರನೇ ತಿಂಗಳಿಗೇ ಸಡಿಲವಾಯಿತು. ಕೊಳ್ಳುವಾಗಲೇ ಒಂದು ಹೆಚ್ಚುವರಿ ಕೇಳಿ ಇಸ್ಕೊಳ್ಳಿ. ಟೈಮರ್, ಫ್ಲೋಟ್ ಸ್ವಿಚ್ಚಿಗೂ ಸೇರಿಸಿ ದುಡ್ಡು ಇಟ್ಟುಕೊಂಡಿದ್ದರೆ ಇದನ್ನ ಧೈರ್ಯವಾಗಿ ಕೊಳ್ಳಿ ಅಂತೀನಿ. ಈ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗಿದೆ, ಕ್ಯಾನಿನಲ್ಲಿ ಎರಡು ಇಂಚಿಗಿಂತ ಹೆಚ್ಚು ನಿಂತಿಲ್ಲ. ಆಂಟಿ ಮನೆ ಸೀಲಿಂಗ್‌ಗೆ ಹೋದ ತಿಂಗಳು ಸುಣ್ಣ ಹೊಡೆಸಿಕೊಟ್ಟೆ.